ಉತ್ತರ ಯಾವ ಕಡೆ?

ಅವಳಿಗೆ ಚಿತ್ರಗುಪ್ತೆ ಎಂದು ಹೆಸರಿಟ್ಟವನು ಅವಳ ಭಾವ, ಅಕ್ಕನ ಗಂಡ. ಜನ ಸತ್ತ ಮೇಲೆ ಅವರ ಪಾಪಪುಣ್ಯ ಬರೆಯುವವನು ಚಿತ್ರಗುಪ್ತನಾದರೆ, ಮನೆ ಹುಟ್ಟುವ ಮೊದಲೇ ಅದರ ಚಿತ್ರ ಬರೆಯುವ ನಾದಿನಿ ಚಿತ್ರಗುಪ್ತೆ ಯಾಕಾಗಬಾರದು ಎಂಬುದು ಅವನ ವಾದ. ಭಾವ ಮನೆಗಳ ಒಳಗಿನ ಅಲಂಕಾರ ಮಾಡಿಸಿಕೊಡುವ ಗುತ್ತಿಗೆದಾರ. ಬೀರು, ಅಡುಗೆಕಟ್ಟೆ, ದೀಪ, ಪರದೆ ಎಲ್ಲವೂ ಅವನ ಕೈಕೆಳಗಿನವರ ಕೆಲಸ. ಮಾತು ಮಾತ್ರ ಅವನದೇ. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಎನ್ನುವುದಕ್ಕೆ ಅವನಿಗಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಆದರೆ ಬರೀ ಮಾತಿಗೆ ಜನ ತಲೆಯಾಡಿಸುವ ಕಾಲ ಹೋಗಿತ್ತು. ತೋರಿಸಿ ಎನ್ನುತ್ತಿದ್ದರು. ತೋರಿಸುವ ಕೆಲಸ ಚಿತ್ರಗುಪ್ತೆಯದು.

ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿಯ ಮೇಲಿನ ಕೋಣೆಯೇ ಅವರ ಆಫೀಸು. ಮೆಟ್ಟಿಲು ಹತ್ತುವಾಗ ಅಂಟಿನ ವಾಸನೆ ಜೊತೆಗೇ ಹತ್ತಿ ಬರುತ್ತಿತ್ತು. ಕಿಟಕಿಗೆ ಕಪ್ಪು ಕಾಗದ ಅಂಟಿಸಿ, ಕಂಪ್ಯೂಟರಿನ ಪರದೆಯ ಮೇಲೆ ಬೆಳಕು ಬೀಳದಂತೆ ಮಾಡಿಕೊಂಡು, ಅವಳು ದಿನವಿಡೀ ಬೇರೆಯವರ ಮನೆಗೆ ಬಿಸಿಲು ಬಿಡುತ್ತಾ ಕೂತಿರುತ್ತಿದ್ದಳು.

ಅವಳ ಕಂಪ್ಯೂಟರಿನಲ್ಲಿ ನಾಲ್ಕು ಸಾಫ್ಟ್‌ವೇರ್‌ಗಳಿದ್ದವು. ಮೊದಲನೆಯದು ಗೆರೆಯದು, ಅಳತೆಗೆ ಸರಿಯಾಗಿ ನಕ್ಷೆ ಎಳೆಯುವುದಷ್ಟೇ ಅದಕ್ಕೆ ಗೊತ್ತು. ಎರಡನೆಯದು ಆ ಗೆರೆಗಳನ್ನು ಹಿಡಿದೆತ್ತಿ ಗೋಡೆಯಾಗಿ ನಿಲ್ಲಿಸುತ್ತಿತ್ತು. ಮೂರನೆಯದು ಬೆಳಕಿನದು: ಮರಕ್ಕೆ ಮರದ ಹೊಳಪು, ಬಟ್ಟೆಗೆ ಬಟ್ಟೆಯ ಮಡಿಕೆ, ಕಿಟಕಿಯಾಚೆಗೊಬ್ಬ ಸೂರ್ಯ. ಕೊನೆಯದು ಫೋಟೋ ತಿದ್ದುವಂಥದ್ದು, ಹೊರಡುವ ಮುಂಚೆ ಮುಖಕ್ಕೆ ಪೌಡರ್ ಹಚ್ಚಿದ ಹಾಗೆ. ಎಲ್ಲ ಕೆಲಸವನ್ನೂ ತಾನೊಂದೇ ಮಾಡುವ ಸಾಫ್ಟ್‌ವೇರ್ ಇಲ್ಲವೇ ಎಂದು ಭಾವ ಆಗಾಗ ಕೇಳುತ್ತಿದ್ದ. ಇದೆ, ಎಲ್ಲವನ್ನೂ ಅರ್ಧಂಬರ್ಧ ಮಾಡುತ್ತದೆ ಎಂದು ಅವಳು ಆಗಾಗ ಹೇಳುತ್ತಿದ್ದಳು.

ತೊಂದರೆಯೇನೆಂದರೆ ಈ ನಾಲ್ಕೂ ಒಂದೇ ಮನೆಗೆ ಬಂದ ಸೊಸೆಯರ ಹಾಗೆ. ಒಬ್ಬಳ ಡಬ್ಬದಲ್ಲಿ ಏನಿದೆ ಎಂದು ಇನ್ನೊಬ್ಬಳಿಗೆ ತಿಳಿಯದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಒಂದು ಇಂಚಿನಲ್ಲಿ ಎಣಿಸಿದರೆ ಇನ್ನೊಂದು ಸೆಂಟಿಮೀಟರಿನಲ್ಲಿ ಎಣಿಸುತ್ತಿತ್ತು. ಒಮ್ಮೆ ಯಾರದೋ ಮನೆಯ ಸೋಫಾ ಮನೆಗಿಂತ ದೊಡ್ಡದಾಗಿ ಬಂದು ಕೂತಿತ್ತು. ಒಂದರಿಂದ ಇನ್ನೊಂದಕ್ಕೆ ಫೈಲ್ ಕಳಿಸಿದರೆ ದಾರಿಯಲ್ಲಿ ಏನಾದರೂ ಉದುರಿಹೋಗುತ್ತಿತ್ತು: ಬಾಗಿಲ ಹಿಡಿ, ಗೋಡೆಯ ಬಣ್ಣ, ದೀಪದ ತಂತಿ. ಉದುರಿದ್ದನ್ನೆಲ್ಲ ಹೆಕ್ಕಿ ಮತ್ತೆ ಅಂಟಿಸುವುದರಲ್ಲೇ ಅವಳ ಅರ್ಧ ಆಯಸ್ಸು ಕಳೆದಿತ್ತು. ಅದರಲ್ಲಿ ಅವಳು ಪಳಗಿದ್ದಳು, ಸ್ವಲ್ಪ ಜಂಬವೂ ಇತ್ತು.

ಆ ಸಲ ಬಂದವರು ಓರಗಿತ್ತಿಯರು, ಅಣ್ಣತಮ್ಮಂದಿರ ಹೆಂಡತಿಯರು. ಒಂದೇ ಬಾಡಿಗೆ ಮನೆಯಲ್ಲಿ ಅತ್ತೆಯೊಂದಿಗೆ ಇದ್ದವರು. ಈಗ ಹೊಸ ಕಟ್ಟಡವೊಂದರಲ್ಲಿ, ಒಂದೇ ಮಹಡಿಯಲ್ಲಿ, ಎದುರುಬದುರಾಗಿ ಎರಡು ಮನೆ ಕೊಂಡಿದ್ದರು. ಮೆಟ್ಟಿಲು ಹತ್ತಿ ನಿಂತರೆ ಎಡಕ್ಕೊಂದು ಬಾಗಿಲು, ಬಲಕ್ಕೊಂದು ಬಾಗಿಲು. ಅಳತೆ ಒಂದೇ, ಬೆಲೆ ಒಂದೇ. ಯಾರಿಗೆ ಯಾವುದು ಎಂಬುದಷ್ಟೇ ಬಾಕಿ. ಗಂಡಂದಿರು ಜಾಣರು, ಹೆಂಗಸರು ಒಪ್ಪಿದರೆ ಸಾಕು ಎಂದು ಜಾರಿಕೊಂಡಿದ್ದರು. ಕಟ್ಟಡಕ್ಕೆ ಸುತ್ತಲೂ ಹಸಿರು ಬಲೆ ಹೊದಿಸಿದ್ದರಿಂದ, ನೆತ್ತಿಯ ಮೇಲೆ ಸೂರ್ಯನಿದ್ದ ಹೊತ್ತಿಗೆ ಹೋಗಿ ನೋಡಿದವರಿಗೆ ಎರಡೂ ಮನೆ ಒಂದೇ ಹಸಿರು ಕತ್ತಲಾಗಿ ಕಂಡಿದ್ದವು. ಅದಕ್ಕೇ ಚಿತ್ರ ಬೇಕಾಗಿತ್ತು.

ದೊಡ್ಡಾಕೆ ಎತ್ತರದ ಹೆಂಗಸು. ಮಾತಿಗಿಂತ ಮುಂಚೆ ಬೆರಳು ಬರುತ್ತಿತ್ತು. ಚಿಕ್ಕಾಕೆಯ ಭುಜದ ಮೇಲೆ ಯಾವಾಗಲೂ ಒಂದೆರಡು ದಾರದ ತುಂಡು ಅಂಟಿರುತ್ತಿದ್ದವು. ಆಕೆ ರಫು ಮಾಡುವವಳು. ಹರಿದ, ಸುಟ್ಟ, ಇಲಿ ಕಡಿದ ಬಟ್ಟೆಗೆ ಎಳೆ ಎಳೆಯಾಗಿ ದಾರ ಹೆಣೆದು, ಹರಿದದ್ದೇ ಸುಳ್ಳು ಎನ್ನುವ ಹಾಗೆ ಮಾಡಿಕೊಡುವವಳು. ಲಾಂಡ್ರಿಯವರು ಮಧ್ಯಾಹ್ನಕ್ಕೆ ಬಂದು ಒಯ್ಯುತ್ತಿದ್ದರಿಂದ ಆಕೆಯ ಕೆಲಸವೆಲ್ಲ ಬೆಳಗಿನದು.

ಚಿತ್ರಗುಪ್ತೆ ಎರಡು ಮನೆಯ ಎರಡು ಚಿತ್ರಗಳನ್ನು ಕಂಪ್ಯೂಟರಿನ ಪರದೆಯ ಮೇಲೆ ಅಕ್ಕಪಕ್ಕ ಇಟ್ಟಳು. ನ್ಯಾಯವಾಗಿರಲಿ ಎಂದು ಎರಡಕ್ಕೂ ಅದೇ ಸೋಫಾ, ಅದೇ ಕಿಟಕಿ ಪರದೆ, ಅದೇ ಬೆಳಗಿನ ಹೊತ್ತು. ಬಲಗಡೆ ಮನೆಯಲ್ಲಿ ಬಿಸಿಲು ಕಿಟಕಿಯಿಂದ ಇಳಿದು ನೆಲದ ಮೇಲೆ ಮೈಚಾಚಿ ಮಲಗಿತ್ತು. ಎಡಗಡೆಯದು ತಣ್ಣಗೆ, ಬೂದಿ ಬಣ್ಣಕ್ಕಿತ್ತು.

"ಈ ಬಿಸಿಲು ನಿಜಕ್ಕೂ ಬರುತ್ತಾ, ಇಲ್ಲಾ ಚಂದಕ್ಕೆ ಹಾಕಿದ್ದಾ?" ದೊಡ್ಡಾಕೆ ಬೆರಳು ತೋರಿಸಿ ಕೇಳಿದಳು.

"ಚಂದಕ್ಕೆ ಹಾಕಿದ್ದಲ್ಲ ಮೇಡಂ. ಊರು, ತಿಂಗಳು, ಗಂಟೆ ಹೇಳಿದ್ರೆ ಸೂರ್ಯ ಎಲ್ಲಿರ್ತಾನೆ ಅಂತ ಸಾಫ್ಟ್‌ವೇರೇ ಲೆಕ್ಕ ಹಾಕುತ್ತೆ," ಎಂದಳು ಚಿತ್ರಗುಪ್ತೆ.

ಅಲ್ಲಿಗೆ ಬಿಡಬಹುದಿತ್ತು. ಭಾವ ಬಿಡುವವನಲ್ಲ. "ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ್ರೂ ನಮ್ಮ ಚಿತ್ರ ಸುಳ್ಳಾಗಲ್ಲ ಮೇಡಂ," ಎಂದು ಎದೆ ಮುಟ್ಟಿಕೊಂಡ.

"ಹಾಗಾದ್ರೆ ಬಲಗಡೇದು ನಂದು."

ಮಾತು ಮುಗಿಯಿತು. ಹಿರಿಯಳು ಮೊದಲು ಆರಿಸಬೇಕೆಂಬುದು ಆ ಮನೆಯಲ್ಲಿ ಯಾರೂ ಪ್ರಶ್ನಿಸದ ಸಂಗತಿ. ಚಿಕ್ಕಾಕೆ ಎಡಗಡೆಯ ಚಿತ್ರದ ಹತ್ತಿರಕ್ಕೆ ಬಗ್ಗಿ ನೋಡಿದಳು.

"ಇದರಲ್ಲಿ ಬೆಳಗ್ಗೆ ಇಷ್ಟೇನಾ ಬೆಳಕು?"

"ಬೆಳಗ್ಗೆ ಇಷ್ಟೇ. ಸಂಜೆ ಚೆನ್ನಾಗಿ ಬಿಸಿಲು ಬರುತ್ತೆ."

"ಸಂಜೆ ಬಿಸಿಲು ಕೆಂಪು. ಅದರಲ್ಲಿ ಬಿಳೀನೂ ಬಿಳಿಯಾಗಿರಲ್ಲ."

"ಒಳ್ಳೇ ದೀಪ ಹಾಕಿಸಿಕೊಡ್ತೀನಮ್ಮ, ಹಗಲಿನಂಥದ್ದೇ," ಎಂದ ಭಾವ.

"ದೀಪದ ಕೆಳಗೆ ಕಪ್ಪೂ ಕಡುನೀಲೀನೂ ಒಂದೇ ಅಣ್ಣ. ಯಾರದೋ ಕಪ್ಪು ಕೋಟಿಗೆ ನೀಲಿ ದಾರ ಹಾಕಿ ಬೈಸಿಕೊಂಡಿದ್ದೀನಿ. ಈಗ ಕಣ್ಣೂ ಮೊದಲಿನಂಗಿಲ್ಲ." ಆಕೆ ಓರಗಿತ್ತಿಯ ಮುಖ ನೋಡಿದಳು. ದೊಡ್ಡಾಕೆ ಕನ್ನಡಕವನ್ನು ಚೀಲಕ್ಕೆ ಹಾಕುವುದರಲ್ಲಿ ಮಗ್ನಳಾಗಿದ್ದಳು. "ಇರಲಿ ಬಿಡಿ. ಅಕ್ಕ ಆರಿಸಿದ್ರಲ್ಲ. ನಂಗೆ ಯಾವುದಾದ್ರೂ ಆದೀತು."

ಚಿತ್ರಗುಪ್ತೆಗೆ ಮೈಯೆಲ್ಲ ಉರಿಯಿತು. ಎದುರಿಗೆ ಕೂತವಳ ಹೊಟ್ಟೆಪಾಡು ಬೆಳಕಿನ ಮೇಲಿದೆ ಎಂದು ಗೊತ್ತಿದ್ದೂ ಬೆಳಕನ್ನು ಎತ್ತಿಕೊಂಡು ಚೀಲಕ್ಕೆ ಹಾಕಿಕೊಂಡು ಹೋದಳಲ್ಲ ಈ ಹೆಂಗಸು! ಇಂಥ ಓರಗಿತ್ತಿ ಶತ್ರುವಿಗೂ ಬೇಡ ಎಂದುಕೊಂಡಳು. ಆದರೆ ಆರಿಸುವುದು ಅವಳ ಕೆಲಸವಲ್ಲ. ತೋರಿಸುವುದಷ್ಟೇ.

ಹಸಿರು ಬಲೆ ಇಳಿಸಿದ ಮೇಲೆ, ಕಿಟಕಿ ಪರದೆಯ ಉದ್ದ ಅಳೆಯಲೆಂದು ಅವಳು ಒಂದು ಬೆಳಿಗ್ಗೆ ಕಟ್ಟಡಕ್ಕೆ ಹೋದಳು. ಮೆಟ್ಟಿಲಿನ ಮೇಲೆ ಸಿಮೆಂಟಿನ ಪುಡಿ, ಗೋಡೆಯ ಮೇಲೆ ಯಾರೋ ಪೆನ್ಸಿಲಿನಲ್ಲಿ ಗೀಚಿದ ಅಂಕಿ. ಮೊದಲು ಎಡಗಡೆ ಮನೆಗೆ ಹೋಗಿ ಬಾಗಿಲು ನೂಕಿದವಳು ಅಲ್ಲೇ ನಿಂತಳು. ಕಿಟಕಿಯಿಂದ ಬಿಸಿಲು ಇಳಿದು ನೆಲದ ಮೇಲೆ ಮೈಚಾಚಿ ಮಲಗಿತ್ತು. ಧೂಳಿನ ಕಣ ಕಣವೂ ಬೇರೆ ಬೇರೆಯಾಗಿ ಕಾಣುತ್ತಿತ್ತು.

ತಪ್ಪು ಮನೆಗೆ ಬಂದೆನೇನೋ ಎಂದು ಹೊರಗೆ ಬಂದಳು. ಮೆಟ್ಟಿಲಿಗೆ ಬೆನ್ನು ಮಾಡಿ ನಿಂತು, ಊಟದ ಕೈ ಯಾವುದು ಎಂದು ಮಕ್ಕಳ ಹಾಗೆ ಕೈಯೆತ್ತಿ ನೋಡಿಕೊಂಡಳು. ಸರಿಯಾಗಿಯೇ ಇತ್ತು. ಬಲಗಡೆ ಮನೆಯೊಳಗೆ ಇಣುಕಿದರೆ ತಣ್ಣಗಿನ ನೆರಳು. ಅಳತೆಪಟ್ಟಿಯನ್ನು ಚೀಲದಿಂದ ತೆಗೆಯದೆಯೇ ಅವಳು ಆಫೀಸಿಗೆ ಓಡಿದಳು.

ಫೈಲು ತೆರೆದು ಒಂದೊಂದಾಗಿ ಹಿಂದಕ್ಕೆ ಹೋದಳು. ನಕ್ಷೆ ಎಳೆಯುವಾಗ ಅನುಕೂಲಕ್ಕೆಂದು ಹಾಳೆಯನ್ನು ತಿರುಗಿಸಿ, ಮೆಟ್ಟಿಲು ಕೆಳಗೆ ಬರುವಂತೆ ಇಟ್ಟುಕೊಂಡಿದ್ದಳು. ಹಾಗೆ ತಿರುಗಿಸಿದ್ದರಿಂದ ಉತ್ತರ ದಿಕ್ಕು ಹಾಳೆಯ ಕೆಳಗಡೆಗೆ ಬಂದಿತ್ತು. ಬಾಣದ ಗುರುತು ಹಾಕಿ ಅದನ್ನು ಸ್ಪಷ್ಟವಾಗಿ ತೋರಿಸಿಯೂ ಇದ್ದಳು. ಗೆರೆಯ ಸಾಫ್ಟ್‌ವೇರಿಗೆ ಅದು ಗೊತ್ತಿತ್ತು. ಗೋಡೆಯದಕ್ಕೂ ಗೊತ್ತಿತ್ತು. ಅಲ್ಲಿಂದ ಬೆಳಕಿನ ಸಾಫ್ಟ್‌ವೇರಿಗೆ ಹೋಗುವ ದಾರಿಯಲ್ಲಿ ಬಾಣ ಉದುರಿಹೋಗಿತ್ತು. ಬಾಗಿಲ ಹಿಡಿ ಉದುರಿದ್ದರೆ ಕಣ್ಣಿಗೆ ಕಾಣುತ್ತಿತ್ತು. ದಿಕ್ಕು ಉದುರಿದರೆ ಯಾರಿಗೆ ಕಾಣುತ್ತದೆ? ಬೆಳಕಿನದು ಯಾರನ್ನೂ ಒಂದು ಮಾತು ಕೇಳದೆ, ಮೇಲಿರುವುದೇ ಉತ್ತರ ಎಂದು ತಿಳಿದು ಸೂರ್ಯನನ್ನು ಹಚ್ಚಿಬಿಟ್ಟಿತ್ತು. ಪ್ರಶ್ನೆಯನ್ನೇ ಕೇಳದೆ ಕೊಟ್ಟ ಉತ್ತರ, ತಪ್ಪದೆ ಇನ್ನೇನಾದೀತು? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಭಾವ ಬಂದಾಗ ಎಲ್ಲವನ್ನೂ ತೋರಿಸಿದಳು.

"ಅಂದ್ರೆ, ಸೂರ್ಯ ಪಶ್ಚಿಮದಲ್ಲೇ ಹುಟ್ಟಿಬಿಟ್ನಾ?"

"ನೀವೇ ಆಣೆ ಹಾಕಿದ್ರಲ್ಲ ಭಾವ, ಅವನು ಕೇಳಿಸ್ಕೊಂಡಿರಬೇಕು."

ಅವನು ತಲೆಯ ಮೇಲೆ ಕೈಹೊತ್ತು ಕೂತ. ಸ್ವಲ್ಪ ಹೊತ್ತಿಗೆ ಅವನ ಹೆಗಲು ಅಲುಗತೊಡಗಿತು. ಅಳುತ್ತಿದ್ದಾನೆಂದು ಅವಳು ಗಾಬರಿಯಾದರೆ, ನಗುತ್ತಿದ್ದ. "ಅಲ್ಲ ಕಣೇ, ಆಗಿದ್ದು ಒಳ್ಳೇದೇ ಆಯ್ತಲ್ಲ! ಬಿಸಿಲು ಬೇಕು ಅಂತ ಬಾಚಿಕೊಂಡವಳಿಗೆ ನೆರಳು. ನಂಗ್ಯಾವುದಾದ್ರೂ ಆದೀತು ಅಂದವಳಿಗೆ ಬಿಸಿಲು. ನಾವು ಬೇಕಂತ ಮಾಡಿದ್ರೂ ಇಷ್ಟು ನ್ಯಾಯ ಮಾಡಕ್ಕಾಗ್ತಿರಲಿಲ್ಲ."

"ಆದ್ರೆ ಸುಳ್ಳು ತೋರಿಸಿದ್ದೀವಲ್ಲ."

"ತೋರಿಸಿದ್ದು ನಾವಲ್ಲ, ನಿನ್ನ ಮೂರನೇ ಸೊಸೆ, ಆ ಬೆಳಕಿನವಳು. ಮಾತು ಬೆಳ್ಳಿ, ಮೌನ ಬಂಗಾರ. ಆ ದೊಡ್ಡಮ್ಮ ಮುನಿಸ್ಕೊಂಡ್ರೆ ಎರಡೂ ಮನೆ ಕೆಲಸ ಕೈಬಿಟ್ಟು ಹೋಗುತ್ತೆ. ಸುಮ್ನಿರು."

ಅವಳು ಸುಮ್ಮನಾದಳು. ನಿಜ ಹೇಳಬೇಕೆಂದರೆ ಸಂತೋಷದಿಂದಲೇ ಸುಮ್ಮನಾದಳು. ಗೃಹಪ್ರವೇಶದ ಮರುದಿನ ಚಿಕ್ಕಾಕೆ ಕಣ್ಣುಜ್ಜಿಕೊಂಡು ಎದ್ದು ಬಂದು ನೆಲದ ಮೇಲಿನ ಬಿಸಿಲು ಕಾಣುವ ಗಳಿಗೆಯನ್ನು ಮನಸ್ಸಿನಲ್ಲೇ ಎಷ್ಟೋ ಸಲ ನೋಡಿದಳು. ಆ ಚಿತ್ರಕ್ಕೆ ಯಾವ ಸಾಫ್ಟ್‌ವೇರೂ ಬೇಕಿರಲಿಲ್ಲ.

ಆಮೇಲೆ ಮೊಳೆಗೆ ಸಿಕ್ಕಿ ಚಿತ್ರಗುಪ್ತೆಯ ಉಣ್ಣೆಯ ಶಾಲು ಹರಿಯಿತು. ಹರಿದದ್ದು ಅವಳಿಗೆ ಒಂದು ನೆಪವಾಯಿತು. ಚಿಕ್ಕಾಕೆಗೇ ಕೊಡೋಣವೆಂದು ಅವರ ಬಾಡಿಗೆ ಮನೆಗೆ ಹೋದಳು. ಇಕ್ಕಟ್ಟಾದ ಬೀದಿ, ಎದುರು ಮನೆಯ ಗೋಡೆ ಕೈಚಾಚಿದರೆ ಸಿಗುವಷ್ಟು ಹತ್ತಿರ. ಬೆಳಗಿನ ಬಿಸಿಲು ಆ ಮನೆಗೆ ಬರುವುದು ಬಾಗಿಲ ಬಳಿ ಚಾಪೆಯಗಲ ಮಾತ್ರ. ಅಷ್ಟರಲ್ಲೇ ಚಿಕ್ಕಾಕೆ ಹೊಸ್ತಿಲ ಮೇಲೆ ಕೂತು ಯಾರದೋ ಪ್ಯಾಂಟಿನ ಮೊಣಕಾಲು ಹೆಣೆಯುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ಅತ್ತೆ, ಬತ್ತಿದ ಮುದುಕಿ, ತೂಕಡಿಸುತ್ತಿದ್ದಳು. ಒಳಗಿನಿಂದ ದೊಡ್ಡಾಕೆಯ ದನಿ ಕೇಳುತ್ತಿತ್ತು. "ಮಾತ್ರೆ ತಗೊಂಡ್ರೋ ಇಲ್ವೋ? ಎಷ್ಟು ಸಲ ಹೇಳ್ಬೇಕು ನಿಮಗೆ? ಕಲ್ಲಿಗಾದ್ರೂ ಹೇಳಿದ್ರೆ ಕೇಳಿಸ್ಕೊಳ್ತಿತ್ತು!" ಮುದುಕಿಯ ಮೇಲೂ ದಯೆ ಇಲ್ಲ ಎಂದುಕೊಂಡಳು ಚಿತ್ರಗುಪ್ತೆ.

ಚಿಕ್ಕಾಕೆ ಶಾಲನ್ನು ಮುಟ್ಟಿ ನೋಡಿ, ಮಡಚಿ ವಾಪಸು ಕೊಟ್ಟಳು.

"ಹೊಸ ಕೆಲಸ ಹಿಡೀತಿಲ್ಲಮ್ಮ. ಇದೊಂದು ಮುಗಿಸಿದ್ರೆ ಮುಗೀತು."

"ಯಾಕೆ?"

"ಆ ಮನೇಲಿ ಆಗಲ್ವಲ್ಲ. ಲಾಂಡ್ರಿಯವರಿಗೆ ಹೇಳಿಬಿಟ್ಟೆ. ದಾರದ ಡಬ್ಬ ನನ್ನ ಹತ್ರ ಕಲಿತವಳೊಬ್ಬಳಿಗೆ ಕೊಟ್ಟೆ. ಔಷಧಿ ಬಾಟ್ಲಿಗೆ ಚೀಟಿ ಅಂಟಿಸೋ ಕಡೆ ಬಾ ಅಂದಿದ್ದಾರೆ. ಅಲ್ಲಿ ಕಣ್ಣಿಗೇನೂ ಕೆಲಸ ಇಲ್ಲ." ನಗಲು ನೋಡಿದಳು, ಆಗಲಿಲ್ಲ. "ನಮ್ಮಮ್ಮ ಕಲಿಸಿದ್ದು ಇದು. ಡಬ್ಬ ಕೊಟ್ಟ ದಿನ ಊಟ ಸೇರಲಿಲ್ಲ ನೋಡಿ."

ಚಿತ್ರಗುಪ್ತೆಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಬಂಗಾರವೆಂದುಕೊಂಡು ಅವಳು ಕಾಪಾಡಿದ ಮೌನ ಈ ಹೆಂಗಸಿನ ಕೈಯಿಂದ ಸೂಜಿಯನ್ನೇ ಕಿತ್ತುಕೊಳ್ಳುತ್ತಿತ್ತು. ಹೇಳಿದರೆ ದೊಡ್ಡಾಕೆ ಬಿಸಿಲನ್ನು ಕಸಿದುಕೊಳ್ಳಬಹುದು, ಹೇಳದಿದ್ದರೆ ಇವಳೇ ಅದನ್ನು ಬಿಟ್ಟು ಹೋಗುತ್ತಾಳೆ. ಬಿಸಿತುಪ್ಪ ಬಾಯಿಗಿಟ್ಟುಕೊಂಡಂತಾಯಿತು. ಆದರೂ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು, ದನಿ ತಗ್ಗಿಸಿ, ಬಾಣ ಉದುರಿದ ಕತೆಯನ್ನು ಹೇಳಿದಳು. "ಎಡಗಡೆ ಮನೆಗೇ ಬೆಳಗಿನ ಬಿಸಿಲು. ನಾನೇ ಹೋಗಿ ನೋಡಿದ್ದೀನಿ. ಚಿತ್ರ ತಪ್ಪು."

ಚಿಕ್ಕಾಕೆಯ ಮುಖ ಅರಳಿತು, ಅಷ್ಟೇ ಬೇಗ ಮುದುಡಿತು.

"ಅಕ್ಕಂಗೆ ಗೊತ್ತಾ?"

"ಇಲ್ಲ."

ಆಕೆ ದಾರದ ತುದಿಯನ್ನು ಹಲ್ಲಿನಲ್ಲಿ ಕಡಿದಳು. "ಹಾಗಾದ್ರೆ ಅವರ ಮುಂದೆ ಹೇಳಿ. ನನ್ನೊಬ್ಬಳಿಗೇ ಹೇಳಿದ್ರೆ ನಾನು ಕಳ್ಳಿ ಆಗ್ತೀನಿ. ಎದುರು ಬಾಗಿಲಲ್ಲಿ ದಿನಾ ಅವರ ಮುಖ ನೋಡ್ಕೊಂಡು, ಕದ್ದ ಬಿಸಿಲಲ್ಲಿ ಕೂತ್ಕೊಂಡು ಸೂಜಿಗೆ ದಾರ ಪೋಣಿಸಕ್ಕಾಗುತ್ತಾ?"

"ಅವರು ವಾಪಸ್ ಕೇಳಿದ್ರೆ?"

"ಅದು ಆಮೇಲಿನ ಮಾತು."

ಚಿತ್ರ ಸರಿಪಡಿಸಲು ಒಂದೇ ಒಂದು ಅಂಕಿ ಬದಲಿಸಿದರೆ ಸಾಕಾಗಿತ್ತು. ಕಂಪ್ಯೂಟರು ಬೆಳಕನ್ನು ಮತ್ತೆ ಎಣಿಸಿ ಮುಗಿಸುವವರೆಗೆ ಅದರ ಫ್ಯಾನಿನ ಗೊರಗೊರ ಕೇಳುತ್ತಾ ಕೂತಳು. ಕೊನೆಯ ಸಾಫ್ಟ್‌ವೇರನ್ನು ತೆರೆಯಲೇ ಇಲ್ಲ. ಈ ಸಲ ಪೌಡರ್ ಬೇಡ ಎನಿಸಿತು. ಭಾವನಿಗೆ ಹೇಳಿದಾಗ ಅವನು, "ನನ್ನ ಕೊರಳಿಗೆ ನನ್ನ ಕೈಲೇ ಹಗ್ಗ ಹಾಕಿಸ್ತೀಯಲ್ಲೇ," ಎಂದು ಗೊಣಗಿದ. ಆದರೂ ಜೊತೆಗೆ ಬಂದ. ಮಾತಿನವನಾದರೂ ಕೈಬಿಡುವವನಲ್ಲ ಅವನು.

ಬಾಡಿಗೆ ಮನೆಯ ನಡುಕೋಣೆಯಲ್ಲಿ ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು ಹೊಸ ಚಿತ್ರಗಳನ್ನು ತೋರಿಸಿದರು. ತಪ್ಪು ಹೇಗಾಯಿತೆಂದು ಚಿತ್ರಗುಪ್ತೆಯೇ ಹೇಳಿದಳು. ದೊಡ್ಡಾಕೆ ಕನ್ನಡಕ ಹಾಕಿಕೊಂಡು ನೋಡಿದಳು, ತೆಗೆದು ಒರೆಸಿ ಮತ್ತೆ ನೋಡಿದಳು.

"ಏನಮ್ಮ, ನಿಮಗೆ ಬೇಕಾದಂಗೆ ಸೂರ್ಯನ್ನ ಆ ಕಡೆ ಈ ಕಡೆ ತಿರುಗಿಸ್ತೀರಾ?"

"ತಪ್ಪಾಯ್ತು ಮೇಡಂ."

"ತಪ್ಪಾಯ್ತು ಅಂದ್ರೆ ಮುಗೀತಾ? ಸರಿ. ಎಡಗಡೇದು ನಂದು. ನಾನು ಆರಿಸಿದ್ದು ಗೋಡೆನಲ್ಲ, ಬಿಸಿಲನ್ನ."

ನ್ಯಾಯವಾದ ಮಾತು. ಆಗ ಗೋಡೆಗೊರಗಿ ನಿಂತಿದ್ದ ಚಿಕ್ಕಾಕೆ, "ಬಿಟ್ಟುಕೊಡಲ್ಲ ಅಕ್ಕ," ಎಂದಳು.

ಆ ಮನೆಯಲ್ಲಿ ಆ ಮಾತು ಮೊದಲ ಸಲ ಕೇಳಿಸಿದ್ದಿರಬೇಕು, ದೊಡ್ಡಾಕೆ ತಿರುಗಿ ಯಾರು ಹೇಳಿದ್ದು ಎಂಬಂತೆ ನೋಡಿದಳು.

"ಇಷ್ಟು ವರ್ಷ ನೀವು ಹೇಳಿದ್ದಕ್ಕೆಲ್ಲ ಹೂಂ ಅಂದಿದ್ದೀನಿ. ಇದಕ್ಕೆ ಅನ್ನಲ್ಲ. ಬೆಳಕಿಲ್ದೆ ಹೋದ್ರೆ ನಾನು ಬಾಟ್ಲಿಗೆ ಚೀಟಿ ಅಂಟಿಸ್ಕೊಂಡು ಸಾಯ್ಬೇಕು. ನಿಮಗೆ ಬಿಸಿಲು ಯಾತಕ್ಕೆ ಅಕ್ಕ? ಸೋಫಾ ಚಂದ ಕಾಣ್ಲಿ ಅಂತಾನಾ?"

"ಯಾತಕ್ಕಾ?" ದೊಡ್ಡಾಕೆಯ ಬೆರಳು ಕುರ್ಚಿಯ ಕಡೆಗೆ ಹೋಯಿತು. "ಇವರಿಗೆ! ಬೆಳಗ್ಗೆ ಎದ್ರೆ ಇವರ ಕೀಲು ಹಿಡ್ಕೊಂಡಿರುತ್ತೆ. ಬಿಸಿಲಲ್ಲಿ ಕೂರಿಸಿ ಎಣ್ಣೆ ತಿಕ್ಕಿದ್ರೆ ಮಾತ್ರ ಕಾಲು ಮಡಚಕ್ಕಾಗುತ್ತೆ. ದಿನಾ ಈ ಕುರ್ಚಿನ ಬಿಸಿಲು ಸರಿದಂಗೆಲ್ಲ ಎಳಿಯೋರ್ಯಾರು? ನೀನಾ? ನೀನು ಸೂಜಿಯಿಂದ ತಲೆ ಎತ್ತಿದ್ರೆ ತಾನೆ ನೋಡೋದು? ಅತ್ತೆ ನನ್ನ ಜೊತೆಗಲ್ವಾ ಬರೋದು? ಅದಕ್ಕೇ ಬಿಸಿಲಿನ ಮನೆ ಆರಿಸಿದೆ."

"ಹಂಗಂತ ಅವತ್ತೇ ಹೇಳಬಹುದಿತ್ತಲ್ಲ ಅಕ್ಕ!"

"ಎಲ್ಲದಕ್ಕೂ ಎಲ್ರಿಗೂ ಕಾರಣ ಹೇಳ್ಕೊಂಡು ತಿರುಗಬೇಕಾ ನಾನು?"

ಚಿತ್ರಗುಪ್ತೆ ನೆಲ ನೋಡಿದಳು. ಇಷ್ಟು ದಿನ ತಾನು ಈ ಹೆಂಗಸಿನ ಬಗ್ಗೆ ಕಟ್ಟಿಕೊಂಡಿದ್ದ ಚಿತ್ರದಲ್ಲೂ ದಿಕ್ಕು ತಪ್ಪಿತ್ತಲ್ಲ ಎನಿಸಿ ಮುಖ ಎತ್ತಲಾಗಲಿಲ್ಲ.

ಚಿಕ್ಕಾಕೆ ಮುಂದೆ ಬಂದು ಅತ್ತೆಯ ಕುರ್ಚಿಯ ಬೆನ್ನು ಹಿಡಿದು ನಿಂತಳು. "ಹಾಗಾದ್ರೆ ಅತ್ತೆ ನನ್ನ ಜೊತೆ ಇರಲಿ. ಎಣ್ಣೆ ನಾನೇ ತಿಕ್ಕಿ ಕೂರಿಸ್ಕೊಳ್ತೀನಿ. ಆ ಬಿಸಿಲಲ್ಲಿ ಇಬ್ರಿಗೂ ಜಾಗ ಇದೆ. ನೀವೂ ಸ್ವಲ್ಪ ಸುಧಾರಿಸ್ಕೊಳ್ಳಿ."

ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಭಾವ ಉಸಿರುಬಿಟ್ಟ. ಆದರೆ ದೊಡ್ಡಾಕೆಯ ಮುಖ ಬಿಳಿಚಿಕೊಂಡಿತು. ಅತ್ತೆಯ ಕಾಟ ಸಾಕಾಯಿತು, ನನ್ನ ಜೀವ ತಿನ್ನುತ್ತಾರೆ, ದೇವರು ಯಾವಾಗ ಕಣ್ಣು ಬಿಡುತ್ತಾನೋ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದವಳು ಆಕೆ. ಈಗ ಕೇಳಿದ ಬಿಡುಗಡೆ ಕೈಗೆ ಬಂದರೆ, ಹಿಡಿಯಲು ಕೈಯೇ ಏಳಲಿಲ್ಲ.

"ಬಿಸಿಲು ತಗೊಂಡಿದ್ದು ಸಾಲದಾ? ಅತ್ತೇನೂ ತಗೊಳ್ತೀಯಾ?" ಎಂದಳು. ಎತ್ತರದ ಆ ಹೆಂಗಸು ಎಲ್ಲರೆದುರಿಗೆ, ಸೆರಗಿಗೂ ಕೈ ಹಾಕದೆ ಅತ್ತುಬಿಟ್ಟಳು. ಚಿಕ್ಕಾಕೆ ಕುರ್ಚಿಯಿಂದ ಕೈ ತೆಗೆದಳು.

ತೂಕಡಿಸುತ್ತಿದ್ದಾಳೆಂದು ಎಲ್ಲರೂ ತಿಳಿದಿದ್ದ ಮುದುಕಿ ಕಣ್ಣು ಬಿಟ್ಟಳು.

"ಎರಡು ಬಾಗಿಲ ಮಧ್ಯೆ ಎಷ್ಟು ದೂರ?"

ಪ್ರಶ್ನೆ ಚಿತ್ರಗುಪ್ತೆಗೆ. "ಈ ಕೋಣೆ ಉದ್ದ ಇರಬಹುದು ಅಜ್ಜಿ."

"ಮಧ್ಯೆ ಮೆಟ್ಟಿಲಿದೆಯಾ?"

"ಇಲ್ಲ, ಸಮ ನೆಲ."

"ಅಷ್ಟು ನಡೀತೀನಿ. ಹಗಲು ಬಿಸಿಲಿರೋ ಮನೇಲಿ ಇರ್ತೀನಿ. ರಾತ್ರಿ ಬೈಯೋಳ ಮನೇಲಿ." ಮುದುಕಿ ದೊಡ್ಡಾಕೆಯ ಕಡೆ ಗದ್ದ ತಿರುಗಿಸಿದಳು. "ಇವಳ ಬೈಗುಳ ಕಿವಿಗೆ ಬೀಳದಿದ್ರೆ ನಂಗೆ ನಿದ್ದೆ ಬರಲ್ಲ. ನನ್ನನ್ನ ಯಾರೂ ಕೇಳ್ಲಿಲ್ಲ. ಆದ್ರೂ ಹೇಳಿದ್ದೀನಿ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಆವತ್ತು ಕಾಲ ಪೂರ್ತಿ ಅತ್ತೆಯದಾಗಿತ್ತು.

ಎರಡು ಮನೆಗಳ ನಡುವಿನ ಜಾಗವನ್ನು ಚಿತ್ರಗುಪ್ತೆ ಅದುವರೆಗೆ ಬರೆದೇ ಇರಲಿಲ್ಲ, ಯಾರೂ ಕೇಳಿರಲಿಲ್ಲ. ಈಗ ದೊಡ್ಡಾಕೆ ಕೇಳಿದಳು. ಅತ್ತೆ ಹಿಡಿದು ನಡೆಯಲು ಬಾಗಿಲಿನಿಂದ ಬಾಗಿಲಿಗೆ ಗೋಡೆಯುದ್ದಕ್ಕೂ ಕಂಬಿ ಬೇಕು, ಕೈಗೆ ತಣ್ಣಗಾಗದ ಹಾಗೆ ಮರದ್ದಾಗಬೇಕು, ಎರಡೂ ಹೊಸ್ತಿಲು ಕಿತ್ತು ನೆಲ ಒಂದು ಮಾಡಬೇಕು. ಚಿತ್ರ ತೋರಿಸಲೇ ಎಂದರೆ, "ನಿಮ್ಮ ಚಿತ್ರ ನೋಡಿದ್ದು ಸಾಕು. ಕಂಬಿ ಹಾಕಿ, ಹಿಡಿದು ನೋಡ್ತೀನಿ," ಎಂದಳು. ಚಿಕ್ಕಾಕೆ ದಾರದ ಡಬ್ಬವನ್ನು ವಾಪಸು ತಂದುಕೊಂಡಳು. ಕಲಿತವಳು ಕೊಡಲು ಸ್ವಲ್ಪ ಹಿಂದೆಮುಂದೆ ನೋಡಿದಳಂತೆ.

ಮನೆ ತುಂಬಿದ ಮೇಲೆ ಒಂದು ಬೆಳಿಗ್ಗೆ ಚಿತ್ರಗುಪ್ತೆ ಪರದೆ ಕಟ್ಟಿಸಲು ಹೋದಳು. ಚಿಕ್ಕಾಕೆಯ ಕಿಟಕಿಗೆ ತೆಳುವಾದದ್ದು, ಬೇಕೆಂದಾಗ ಪೂರ್ತಿ ಸರಿಯುವಂಥದ್ದು. ಚಿಕ್ಕಾಕೆ ಬಿಸಿಲಿಗೆ ಮುಖಮಾಡಿ ಕೂತು ದಾರದ ಎರಡು ಉಂಡೆಗಳನ್ನು ಪಕ್ಕ ಪಕ್ಕ ಹಿಡಿದು ನೋಡುತ್ತಿದ್ದಳು. ಹೊರಗೆ ದೊಡ್ಡಾಕೆಯ ದನಿ ಹತ್ತಿರವಾಯಿತು. "ಕಂಬಿ ಹಿಡ್ಕೊಳ್ಳಿ ಅಂದ್ರೆ ನನ್ನ ಕೈ ಹಿಡ್ಕೊಳ್ತೀರಲ್ಲ! ಕಂಬಿ ಯಾತಕ್ಕೆ ಹಾಕಿಸಿದ್ದು, ಬಟ್ಟೆ ಒಣಗಿಸಕ್ಕಾ?" ಮುದುಕಿ ಕುರ್ಚಿಗೆ ಬಂದು ಕೂತಳು. ದೊಡ್ಡಾಕೆ ಕುರ್ಚಿಯನ್ನು ಬಿಸಿಲಿಗೆ ಒಂದಿಷ್ಟು ಸರಿಸಿ, ಮೊಣಕಾಲಿಗೆ ಎಣ್ಣೆ ತಿಕ್ಕಿ, ಬಟ್ಟಲನ್ನು ಅಲ್ಲೇ ಇಟ್ಟು ಹೊರಟಳು.

ಎದುರಿನ ಬಾಗಿಲವರೆಗೆ ಹೋದವಳು ಒಳಗೆ ಹೋಗಲಿಲ್ಲ. ಏಣಿಯ ಮೇಲಿಂದ ಚಿತ್ರಗುಪ್ತೆಗೆ ಕಾಣುತ್ತಿತ್ತು. ಮನೆಯಲ್ಲಿ ಯಾರೂ ಇಲ್ಲ, ಗಂಡ ಕೆಲಸಕ್ಕೆ ಹೋಗಿದ್ದಾನೆ, ಬೈಯಲು ಒಂದು ಜೀವವೂ ಇಲ್ಲ. ಎಷ್ಟೋ ವರ್ಷಗಳ ಮೇಲೆ ಸಿಕ್ಕ ಬಿಡುವಾದ ಬೆಳಗನ್ನು ಏನು ಮಾಡುವುದೆಂದು ತಿಳಿಯದೆ ಆಕೆ ಕಂಬಿ ಹಿಡಿದುಕೊಂಡು ನಿಂತೇ ಇದ್ದಳು.

ಚಿಕ್ಕಾಕೆ ಸೂಜಿಯಿಂದ ತಲೆ ಎತ್ತಿದಳು. ಬಾಗಿಲಿನಾಚೆ ನೋಡಿದಳು.

"ಅಕ್ಕ, ಈ ಸೂಜಿಗೊಂದು ದಾರ ಪೋಣಿಸಿಕೊಡ್ತೀರಾ? ನಂಗೆ ಸರಿಯಾಗಿ ಕಾಣ್ತಿಲ್ಲ."

"ಇಷ್ಟು ಬಿಸಿಲಿಟ್ಕೊಂಡು ಕಾಣಲ್ವಂತೆ," ಎನ್ನುತ್ತಾ ದೊಡ್ಡಾಕೆ ಒಳಗೆ ಬಂದಳು. ಕನ್ನಡಕ ಹಾಕಿಕೊಂಡು ನೆಲದ ಮೇಲೆ ಕೂತಳು. "ಯಾವ ಬಣ್ಣದ್ದು, ಕಪ್ಪೋ ನೀಲಿಯೋ? ಸರಿಯಾಗಿ ಹೇಳು."